ಕೆಕ್ಕಾಯ್ ಸೆನ್ಸೆನ್: ಎರಡನೇ ಸೀಸನ್‌ನಲ್ಲಿ ವೈಟ್ ಯಾಕಿಲ್ಲ?

ಜಪಾನಿನ ಆನಿಮೇಷನ್ ಸರಣಿ ‘ಕೆಕ್ಕಾಯ್ ಸೆನ್ಸೆನ್’ನ ಎರಡನೇ ಸೀಸನ್‌ನಲ್ಲಿ ವೈಟ್, ಬ್ಲ್ಯಾಕ್ ಇಬ್ಬರೂ ಕಾಣುತ್ತಿಲ್ಲ, ಕಂತು ಬಿಟ್ಟುಹೋಯಿತೇ ಎಂದು ಕೇಳಿದ್ದೀರಿ. ಬಿಟ್ಟುಹೋಗಿಲ್ಲ. ಆ ಅಣ್ಣ-ತಂಗಿ ಯಾಸುಹಿರೊ ನೈಟೊ ಅವರ ಮೂಲ ಮಾಂಗಾದಲ್ಲಿ (ಜಪಾನಿ ಕಾಮಿಕ್ಸ್) ಇಲ್ಲವೇ ಇಲ್ಲ; 2015ರ ಮೊದಲ ಸೀಸನ್‌ಗಾಗಿ ನಿರ್ದೇಶಕಿ ರಿಯೆ ಮಾತ್ಸುಮೊಟೊ ಸೇರಿಸಿದ ಪಾತ್ರಗಳು. ಅವರ ಕಥೆ 12ನೇ ಕಂತಿಗೇ ಮುಗಿಯುತ್ತದೆ. ಆ ಕಂತು ಮಾತ್ರ ತಡವಾಗಿ, ಅಕ್ಟೋಬರ್‌ನಲ್ಲಿ ಬಂತು, ಉಳಿದವುಗಳಿಗಿಂತ ಬಹಳ ಉದ್ದ. ನಿಮ್ಮ ಪಟ್ಟಿ 11ಕ್ಕೇ ನಿಂತಿದ್ದರೆ ಅದನ್ನು ಹುಡುಕಿ ನೋಡಿ, ಇಲ್ಲದಿದ್ದರೆ ಇಡೀ ಸೀಸನ್ ಅರ್ಧಂಬರ್ಧ ಅನಿಸುತ್ತದೆ.

2017ರ ಎರಡನೇ ಸೀಸನ್‌ಗೆ ನಿರ್ದೇಶಕರೇ ಬೇರೆ. ಅದು ಮಾಂಗಾದ ಬಿಡಿಕಥೆಗಳಿಗೆ ಮರಳಿ ನಗರವನ್ನು ಕಾಯುವ ರಹಸ್ಯ ಸಂಘಟನೆ ಲಿಬ್ರಾದ ಚೈನ್, ಕೆ.ಕೆ. ಮುಂತಾದವರಿಗೆ ಒಂದೊಂದು ಕಂತು ಕೊಡುತ್ತದೆ. ಹಾಗಾಗಿ ನಡುವೆ ಬೇಸರವಾದರೂ ಕೊನೆಯ ಎರಡು ಕಂತು ಬಿಡಬೇಡಿ: ಕಥಾನಾಯಕ ಲಿಯೊನ ತಂಗಿ ಮಿಷೆಲಾ, ಕಥೆ ನಡೆಯುವ ನಗರ ಹೆಲ್‌ಸಲೆಮ್ಸ್ ಲಾಟ್‌ಗೆ ಬರುವುದು ಅಲ್ಲೇ. ಎಲ್ಲವನ್ನೂ ಕಾಣಬಲ್ಲ ಅವನ ವಿಶೇಷ ಕಣ್ಣಿನ ಕಥೆಯ ನಿಜವಾದ ತೂಕ ತಿಳಿಯುವುದೂ ಅಲ್ಲೇ.