ಗುಡ್ಡದ ಆಕಾರಕ್ಕೆ ಪದ ಇಲ್ಲ ಅಂದ್ರಾ?

ಕೊಡಚಾದ್ರಿ ಬಗ್ಗೆ ಬರೆಯಲು ಕೂತರೆ 'ಎತ್ತರ', 'ದೊಡ್ಡ' ಬಿಟ್ಟು ಆಕಾರ ಹೇಳುವ ಪದವೇ ಸಿಗುತ್ತಿಲ್ಲ ಅಂದಿದ್ದೀರಿ. ಸಿಗುತ್ತವೆ ಮಾರಾಯ್ರೆ, ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಜನರ ಬಾಯಲ್ಲೇ ಇವೆ. ಚೂಪಾಗಿ ಮೇಲೆದ್ದ ತುದಿ ಕೋಡು. ತುದಿ ಅಗಲವಾಗಿ ದುಂಡಗಿದ್ದರೆ ನೆತ್ತಿ ಅನ್ನಿ. ಸಣ್ಣ ಮಣ್ಣಿನ ಉಬ್ಬು ದಿಬ್ಬ. ಮರ ಕಡಿಮೆ, ಹುಲ್ಲು ಜಾಸ್ತಿ ಇರುವ ಇಳಿಜಾರು ಬ್ಯಾಣ, ಅದು ಆಕಾರದ ಪದ ಅಲ್ಲ ಬಿಡಿ, ಆದರೂ ಚಿತ್ರ ಕಣ್ಣಿಗೆ ಬರುತ್ತದೆ.

ನನಗೆ ತುಂಬಾ ಇಷ್ಟದ್ದು ದರೆ. ಗುಡ್ಡ ಕಡಿದು ಮನೆಗೋ ರಸ್ತೆಗೋ ಜಾಗ ಮಾಡಿದಾಗ ಮಣ್ಣು ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತಲ್ಲ, ಅದು. ನಮ್ಮ ಹಿತ್ತಲಿನ ದರೆಯಲ್ಲಿ ಮೇಲೆ ಒಂದು ಗೇಣು ಕಪ್ಪು ಮಣ್ಣು, ಕೆಳಗೆ ತೂತು ತೂತಾದ ಕೆಂಪು ಜಂಬಿಟ್ಟಿಗೆ, ಸಂದಿಯಲ್ಲೆಲ್ಲ ಜರೀಗಿಡ. ಮಳೆನೀರು ಇಳಿದು ಕೊರೆದ ಗೀರುಗಳು ಕೊರಕಲು.

ಹೋಲಿಕೆಯನ್ನೂ ಬಳಸಿ, ಕುದುರೆಮುಖಕ್ಕೆ ಹೆಸರು ಬಂದದ್ದೇ ಹಾಗೆ ಅಲ್ವಾ? 'ಗಗನಚುಂಬಿ' ಮಾತ್ರ ಬೇಡ. 1,343 ಮೀಟರಿನ ಕೊಡಚಾದ್ರಿಗೆ ಅದು ಸುಮ್ನೆ ಭಾರ.