ಬ್ಲೋವರ್ ಹಾಕಿದ ಹಳೆ ಎಂಜಿ: ಘಾಟಿ ಹತ್ತುವಾಗ ಟಿಕ್ ಟಿಕ್ ಶಬ್ದ ಯಾಕೆ?

ಪ್ರಶ್ನೆ: ಅಜ್ಜನ ಕಾಲದ 1947ರ ಎಂಜಿ ಟಿಸಿ ನಮ್ಮಲ್ಲಿದೆ. ಈಗ ಅದಕ್ಕೊಂದು ಹಳೆ ಸೂಪರ್‌ಚಾರ್ಜರ್ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಬ್ಲೋವರ್) ಕೂರಿಸಿದ್ದೇವೆ. ಮೊದಲಿದ್ದ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ತೆಗೆದು, ಒಂದೂವರೆ ಇಂಚಿನ ಒಂದೇ ಎಸ್‌ಯು ಹಾಕಿದ್ದೇವೆ. ಅದು ಬ್ಲೋವರ್‌ಗಿಂತ ಮುಂಚೆ ಬರುತ್ತದೆ. ಬ್ಲೋವರ್ ಕೊಡುವ ಒತ್ತಡ, ಅಂದರೆ ಬೂಸ್ಟ್, ಮೀಟರ್‌ನಲ್ಲಿ 6 ಪಿಎಸ್‌ಐ ತೋರಿಸುತ್ತದೆ. ಊರೊಳಗೆ ಚೆನ್ನಾಗಿ ಓಡುತ್ತದೆ, ಐಡ್ಲಿಂಗ್ ಕೂಡ ನಯ. ಆದರೆ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ, ಮೂರನೇ ತಿರುವಿನ ಹೊತ್ತಿಗೆ ಟಿಕ್ ಟಿಕ್ ಶುರುವಾಗುತ್ತದೆ. ಟೈಮಿಂಗ್ ಹಿಂದೆ ಮಾಡಿದರೆ (ಪ್ಲಗ್ ಕಿಡಿ ತುಸು ತಡವಾಗಿ ಹಾರುವ ಹಾಗೆ ಮಾಡಿದರೆ) ಸಾಕು ಅನ್ನುತ್ತಾರೆ ಮೆಕ್ಯಾನಿಕ್. ಸಾಕಾ? – ಓದುಗರೊಬ್ಬರು, ಉಡುಪಿ

ಉತ್ತರ: ಸಾಲದು. ಇದು ಸರಿಯಾಗುವವರೆಗೆ ದಯವಿಟ್ಟು ಘಾಟಿ ಹತ್ತಬೇಡಿ. ಆ ಶಬ್ದ ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುವ ಬದಲು ತಾನಾಗಿ ಸಿಡಿಯುವುದು. ಬ್ಲೋವರ್ ಇರುವ ಇಂಜಿನ್‌ನಲ್ಲಿ ನಾಕಿಂಗ್ ಸ್ವಲ್ಪ ಹೊತ್ತು ಮುಂದುವರಿದರೂ ಪಿಸ್ಟನ್ ತಲೆ ಕರಗಿ ತೂತು ಬೀಳಬಹುದು.

ನಿಮ್ಮ ಇಂಜಿನ್ 1250 ಸಿಸಿ, ನಿಜ. ಆದರೆ 6 ಪಿಎಸ್‌ಐ ಒತ್ತಡದಲ್ಲಿ ಅದು ಸುಮಾರು ಮೂರನೇ ಒಂದರಷ್ಟು ಜಾಸ್ತಿ ಗಾಳಿ ಎಳೆಯುತ್ತದೆ. ಕಾರ್ಬುರೇಟರ್ ಪಾಲಿಗೆ ಅದು 1700 ಸಿಸಿ ಹತ್ತಿರದ ಇಂಜಿನ್. ಗಾಳಿ ಹೆಚ್ಚಾದ ಹಾಗೆ ಎಸ್‌ಯು ಒಳಗಿನ ಪಿಸ್ಟನ್ ತಾನಾಗಿ ಮೇಲೇಳುತ್ತದೆ, ಅದಕ್ಕೆ ಕೂತ ಸೂಜಿಯೂ ಜೆಟ್‌ನಿಂದ (ಪೆಟ್ರೋಲ್ ಬರುವ ತೂತಿನಿಂದ) ಮೇಲೆ ಬರುತ್ತದೆ. ಅಷ್ಟು ಸರಿ. ಆದರೆ ಬೂಸ್ಟ್ ಇರುವಾಗ ಮಿಕ್ಸ್‌ಚರ್ ಮಾಮೂಲಿಗಿಂತ ರಿಚ್ (ಪೆಟ್ರೋಲ್ ಜಾಸ್ತಿ) ಇರಬೇಕು. ಆ ಜಾಸ್ತಿ ಪೆಟ್ರೋಲೇ ಒಳಗಿನ ಬಿಸಿ ಇಳಿಸುವುದು. ಮಾಮೂಲಿ ಇಂಜಿನ್‌ಗೆ ಮಾಡಿದ ಸೂಜಿಯ ತುದಿ ಅದಕ್ಕೆ ಬೇಕಾದಷ್ಟು ಸಪೂರ ಇರುವುದಿಲ್ಲ.

ಜೆಟ್ ಕೆಳಗಿನ ನಟ್ ತಿರುಗಿಸಿದರೆ ಇದು ಸರಿಹೋಗುವುದಿಲ್ಲ. ಆ ನಟ್‌ನ ಪ್ರಭಾವ ಐಡ್ಲಿಂಗ್‌ನಲ್ಲಿ ಬಹಳ, ಫುಲ್ ಥ್ರಾಟಲ್‌ನಲ್ಲಿ ತೀರಾ ಕಡಿಮೆ. ಹಾಗಾಗಿ ಐಡ್ಲಿಂಗ್ ನಯವಾಗಿದೆ ಅಂದ ಮಾತ್ರಕ್ಕೆ ಘಾಟಿಯಲ್ಲಿ ಸರಿ ಇದೆ ಎಂದಲ್ಲ. ಸೂಜಿಯನ್ನೇ ಬದಲಿಸಬೇಕು. ಎಸ್‌ಯು ಸೂಜಿಯನ್ನು ಇಂಚಿನ ಎಂಟನೇ ಒಂದು ಭಾಗಕ್ಕೊಮ್ಮೆ ಅಳೆಯುತ್ತಾರೆ. ಮೇಲಿನ ಅಳತೆಗಳು ಈಗಿನ ಸೂಜಿಯ ಹಾಗೇ ಇದ್ದು, ತುದಿಯ ಕಡೆಗೆ ಸಪೂರ ಆಗುವಂಥದ್ದನ್ನು ಪಟ್ಟಿಯಲ್ಲಿ ಹುಡುಕಿ.

ಆದರೆ ಸೂಜಿಗೆ ದುಡ್ಡು ಹಾಕುವ ಮೊದಲು ಒಂದು ವಿಷಯ ಗಮನಿಸಿ. ಶಬ್ದ ಶುರುವಾಗುವುದು ಯಾವಾಗ? ಆಕ್ಸಿಲರೇಟರ್ ಒತ್ತಿದ ಕೂಡಲೇ ಬಂದರೆ ಸೂಜಿಯ ಮೇಲೆ ಅನುಮಾನ. ನಿಮ್ಮದು ಮೂರನೇ ತಿರುವಿನವರೆಗೆ ಕಾಯುತ್ತದೆ, ಅಲ್ವಾ? ಹಾಗಾದರೆ ನನಗೆ ಫ್ಲೋಟ್ ಬೌಲ್ (ಕಾರ್ಬುರೇಟರ್‌ನ ಪುಟ್ಟ ಪೆಟ್ರೋಲ್ ಪಾತ್ರೆ) ಮೇಲೂ ಅನುಮಾನ. ಮೊದಲು ಎರಡು ಬೌಲ್, ಅವಕ್ಕೆ ಪೆಟ್ರೋಲ್ ಬಿಡುವ ಎರಡು ಫ್ಲೋಟ್ ವಾಲ್ವ್ ಇದ್ದವು. ಈಗ ಒಂದೇ ವಾಲ್ವ್ ಮೊದಲಿಗಿಂತ ಜಾಸ್ತಿ ಪೆಟ್ರೋಲ್ ಕೊಡಬೇಕು. ಉದ್ದದ ಏರಿನಲ್ಲಿ ಬೌಲ್ ಮೆಲ್ಲ ಮೆಲ್ಲ ಖಾಲಿಯಾಗುತ್ತದೆ, ಮಿಕ್ಸ್‌ಚರ್ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ದೊಡ್ಡ ತೂತಿನ ವಾಲ್ವ್ ಹಾಕಿ. ಫಿಲ್ಟರ್ ಕ್ಲೀನ್ ಮಾಡಿ. ಇಂಜಿನ್ ತಣ್ಣಗಿರುವಾಗ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು, ಪಂಪ್ ಒಂದು ನಿಮಿಷಕ್ಕೆ ಎಷ್ಟು ಕೊಡುತ್ತದೆ ನೋಡಿ.

ಇನ್ನೊಂದು ಕಾರಣ ಈಗಿನ ಪೆಟ್ರೋಲ್. ಶುದ್ಧ ಪೆಟ್ರೋಲ್ ಉರಿಯಲು ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಶೇ 20 ಎಥೆನಾಲ್ ಬೆರೆತರೆ ಸುಮಾರು 13.5 ಸಾಕು. ಅಂದರೆ ಹಳೆ ಸೂಜಿ ಈಗ ಸುಮ್ನೆ ನಿಂತಲ್ಲೇ ಶೇ 8ರಷ್ಟು ಲೀನ್. ಪ್ಲಗ್ ಬಣ್ಣ ನೋಡಿ ಹೇಳುವ ಹಳೆ ಅಂದಾಜು ಇಲ್ಲಿ ನಂಬಬೇಡಿ. ಸೈಲೆನ್ಸರ್ ಪೈಪಿಗೆ ಹೊಗೆಯ ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ, ಫುಲ್ ಲೋಡ್‌ನಲ್ಲಿ ಲ್ಯಾಂಬ್ಡಾ (1 ಇದ್ದರೆ ಉರಿಯಲು ಬೇಕಾದಷ್ಟೇ ಗಾಳಿ, ಅದಕ್ಕಿಂತ ಕಡಿಮೆ ಇದ್ದರೆ ರಿಚ್) 0.82ರಿಂದ 0.85ರ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಇದೆಲ್ಲ ಆದ ಮೇಲೆ ಟೈಮಿಂಗ್ ತುಸು ಹಿಂದೆ ಮಾಡಿ. ಆಗ ನಿಮ್ಮ ಮೆಕ್ಯಾನಿಕ್ ಮಾತೂ ಸರಿಯೇ.

ಥ್ರಾಟಲ್ ಸ್ಪಿಂಡಲ್ (ಕಾರ್ಬುರೇಟರ್‌ನ ಗಾಳಿ ಬಾಗಿಲು ತಿರುಗುವ ಕಡ್ಡಿ) ಅಲ್ಲಾಡಿಸಿಯೂ ನೋಡಿ. ಆಟ ಇದ್ದರೆ ಅಲ್ಲಿಂದಲೇ ಗಾಳಿ ಕದಿಯುತ್ತದೆ. ಕಾರ್ಬುರೇಟರ್ ಬಾಡಿಯಲ್ಲಿ ಸ್ಪಿಂಡಲ್ ಕೂರುವ ತೂತನ್ನು ರೀಮರ್‌ನಿಂದ ನಯವಾಗಿ ದೊಡ್ಡದು ಮಾಡಿಸಿ, ಹೊಸ ಬುಷ್ ಕೂರಿಸಬೇಕು. ಮ್ಯಾನಿಫೋಲ್ಡ್ (ಇಂಜಿನ್‌ಗೆ ಮಿಕ್ಸ್‌ಚರ್ ಒಯ್ಯುವ ಕೊಳವೆ) ಮೇಲೆ ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಇದೆಯಾ? ನಿಮ್ಮ ಜೋಡಣೆಯಲ್ಲಿ ಬ್ಲೋವರ್ ತುಂಬ ಪೆಟ್ರೋಲ್ ಆವಿ ಇರುತ್ತದೆ. ಒಂದು ಬ್ಯಾಕ್‌ಫೈರ್ (ಇಂಜಿನ್‌ನ ಬೆಂಕಿ ಹಿಂದಕ್ಕೆ ಹಾರುವುದು) ಸಾಕು, ಬ್ಲೋವರ್ ಒಡೆಯಬಹುದು. ಆ ವಾಲ್ವ್ ಇಲ್ಲದೆ ಸ್ಟಾರ್ಟ್ ಕೂಡ ಮಾಡಬೇಡಿ.

ಪ್ರಶ್ನೆ: ಬ್ಲೋವರ್‌ನ ನಂತರ ಕಾರ್ಬುರೇಟರ್ ಇಟ್ಟರೆ ಒಳ್ಳೆಯದಾ? – ಓದುಗರೊಬ್ಬರು, ಮಂಗಳೂರು

ಉತ್ತರ: ಎರಡೂ ನಡೆದು ಬಂದ ದಾರಿಗಳೇ. ಬೆಂಟ್ಲಿಯ ನಾಲ್ಕೂವರೆ ಲೀಟರ್ ಬ್ಲೋವರ್ ಕಾರಿನಲ್ಲಿ ಎರಡು ಎಸ್‌ಯು ಬ್ಲೋವರ್‌ಗಿಂತ ಮುಂಚೆ ಇದ್ದವು. ಮರ್ಸಿಡಿಸ್ ಎಸ್‌ಎಸ್‌ಕೆಯಲ್ಲಿ ಬ್ಲೋವರ್ ಗಾಳಿಯನ್ನು ಕಾರ್ಬುರೇಟರ್ ಒಳಗೆ ಊದುತ್ತಿತ್ತು. ಎರಡನೆಯದಕ್ಕೆ ಕೆಲಸ ಜಾಸ್ತಿ. ಫ್ಲೋಟ್ ಬೌಲ್‌ಗೂ ಅದೇ ಬೂಸ್ಟ್ ಒತ್ತಡ ಸಿಗಬೇಕು, ಇಲ್ಲವಾದರೆ ಜೆಟ್‌ನಿಂದ ಪೆಟ್ರೋಲ್ ಮೇಲೇಳುವುದೇ ಇಲ್ಲ. ಪಂಪ್ ಬೂಸ್ಟ್‌ಗಿಂತ ಹೆಚ್ಚಿನ ಒತ್ತಡ ಕೊಡಬೇಕು. ಸ್ಪಿಂಡಲ್‌ಗೆ ಸೀಲ್ ಬೇಕು, ಇಲ್ಲವಾದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಮೊದಲ ಸಲ ಮಾಡುವವರಿಗೆ ಬ್ಲೋವರ್‌ಗಿಂತ ಮುಂಚೆ ಇಡುವುದನ್ನೇ ಹೇಳುತ್ತೇನೆ.

ಪ್ರಶ್ನೆ: ಮಳೆಗಾಲದಲ್ಲಿ ಕಾರು ಶೆಡ್‌ನಲ್ಲೇ ಇರುತ್ತದೆ. ಕಾರ್ಬುರೇಟರ್‌ಗೆ ಏನು ಮಾಡಬೇಕು? – ಓದುಗರೊಬ್ಬರು, ಮಲ್ಪೆ

ಉತ್ತರ: ಜೂನ್‌ಗೆ ಮೊದಲೇ ಬೌಲ್ ಪೂರ್ತಿ ಖಾಲಿ ಮಾಡಿ. ಎಥೆನಾಲ್ ನಮ್ಮ ಕರಾವಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಅಡಿಗಿಳಿದು, ಬೌಲ್ ಒಳಗೆ ಬಿಳಿ ಪುಡಿ ಹಿಡಿಯುತ್ತದೆ. ಹಳೆ ಎಸ್‌ಯು ಜೆಟ್‌ನ ಕಾರ್ಕ್ ಸೀಲ್ ತೆಗೆದು ವಿಟಾನ್ ರಬ್ಬರ್‌ನ ಓ-ರಿಂಗ್ ಹಾಕಿಸಿ. ಮಳೆ ಮುಗಿದ ಮೇಲೆ ಎಸ್‌ಯು ಪಿಸ್ಟನ್ ಎತ್ತಿ ಬಿಡಿ. ಟಕ್ ಅಂತ ಕೆಳಗೆ ಕೂತರೆ ಪೆಟ್ರೋಲ್ ತುಂಬಿ. ಮೆಲ್ಲಗೆ ಇಳಿದರೆ ಅಥವಾ ಮಧ್ಯೆ ಸಿಕ್ಕಿಕೊಂಡರೆ ಮೊದಲು ಬಿಚ್ಚಿ ಒರೆಸಿ.