ಹ್ಯಾಲೋವೀನ್ ಕುಂಬಳಕಾಯಿ ಮೇಲೆ ಗರಿ, ನೆರಳು ಎಲ್ಲಾ ಕಾಣುವ ಹಾಗೆ ಕೆತ್ತುವುದು ಹೇಗೆ?

ಕಣ್ಣು, ಮೂಗು, ಬಾಯಿ ಕೊರೆಯಲು ಬರುತ್ತದೆ, ಆದರೆ ಫೋಟೋ ತರಹ ನೆರಳು ಬೆಳಕು ತರುವುದು ಹೇಗೆ ಅಂತ ಕೇಳಿದ್ದೀರಿ. ಒಂದೇ ಮಾತು: ಕೊರೆಯಬೇಡಿ, ಕೆರೆಯಿರಿ.

ನಾನಿರುವುದು ಅಮೆರಿಕದ ಇಲಿನಾಯ್‌ನಲ್ಲಿ. ಈ ದೇಶದಲ್ಲಿ ಕುಂಬಳಕಾಯಿ ಜಾಸ್ತಿ ಬೆಳೆಯುವ ರಾಜ್ಯವೇ ಇದು. ಒಂಬತ್ತು ವರ್ಷದಿಂದ ಪ್ರತಿ ಅಕ್ಟೋಬರ್‌ನಲ್ಲಿ ಕೆತ್ತುತ್ತಿದ್ದೇನೆ. ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದು ಅಂತ ಅಮ್ಮ ಊರಿಂದಲೇ ಹೇಳುತ್ತಾರೆ, ಹಾಗಾಗಿ ಮೊದಲ ಏಟು ನಮ್ಮನೆಯವರದು, ಉಳಿದದ್ದೆಲ್ಲ ನನ್ನದು.

ತೊಟ್ಟಿನ ಕಡೆ ಕತ್ತರಿಸಬೇಡಿ, ಅಡಿಯಲ್ಲಿ ತೂತು ಮಾಡಿ. ಬೀಜ, ನಾರು ತೆಗೆದ ಮೇಲೆ ಚಿತ್ರ ಬರುವ ಕಡೆ ಒಳಗಿನಿಂದ ಗಟ್ಟಿ ಚಮಚದಲ್ಲಿ ಕೆರೆಯುತ್ತಾ ಹೋಗಿ, ಗೋಡೆ ಸುಮಾರು ಎರಡೂವರೆ ಸೆಂಟಿಮೀಟರ್ ಉಳಿಯಬೇಕು. ಆಮೇಲೆ ಚಿತ್ರದ ಕಾಗದವನ್ನು ಹೊರಗೆ ಅಂಟಿಸಿ ಗೆರೆಗಳ ಮೇಲೆ ಪಿನ್ನಿನಿಂದ ಚುಚ್ಚಿ. ಕಾಗದ ಕಿತ್ತು ಸ್ವಲ್ಪ ಮೈದಾ ಉಜ್ಜಿದರೆ ಚುಕ್ಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೇ.

ಈಗ ಕೋಣೆಯ ದೀಪ ಆರಿಸಿ ಒಳಗೆ ಒಂದು ಎಲ್‌ಇಡಿ ಇಡಿ. ಸಿಪ್ಪೆ ಇರುವಲ್ಲಿ ಪೂರ್ತಿ ಕತ್ತಲು. ಲಿನೋ ಕಟರ್‌ನಿಂದ (ಅಚ್ಚಿನ ಚಿತ್ರ ಕೆತ್ತುವ ಸಣ್ಣ ಉಳಿ) ಸಿಪ್ಪೆಯಷ್ಟೇ ತೆಗೆದರೆ ಮಂದವಾದ ಕೆಂಪು ಬರುತ್ತದೆ. ಇನ್ನೂ ಕೆರೆಯುತ್ತಾ ಹೋದರೆ ಅದೇ ಜಾಗ ಕಿತ್ತಳೆಯಾಗಿ, ಹಳದಿಯಾಗಿ, ನಿಮ್ಮ ಕೈಕೆಳಗೇ ಬೆಳಗಾದ ಹಾಗೆ ಬಣ್ಣ ತಿರುಗುತ್ತದೆ. ಈ ಕ್ಷಣಕ್ಕೋಸ್ಕರವೇ ನಾನು ವರ್ಷವಿಡೀ ಕಾಯುತ್ತೇನೆ. ನಿಮ್ಮ ನೆರಳು ಬೆಳಕೆಲ್ಲ ಈ ಕೆರೆತದಲ್ಲೇ ಇದೆ, ತೂತು ಬೇಕಾಗುವುದು ಕಣ್ಣಿನ ಮಿಂಚಿನಂಥ ಎರಡು ಮೂರು ಕಡೆ ಮಾತ್ರ.

ಆ ತೂತು ಕೊನೆಗೇ ಇರಲಿ. ಎರಡನೇ ವರ್ಷ ಗೂಬೆ ಕೆತ್ತುವಾಗ ಕಣ್ಣಿನ ಸುತ್ತ ಮೊದಲೇ ಕೊರೆದುಬಿಟ್ಟೆ, ಆಮೇಲೆ ಕೊಕ್ಕಿನ ಹತ್ತಿರ ಸ್ವಲ್ಪ ಒತ್ತಿದೆ ಅಷ್ಟೇ, ನಾಲ್ಕು ಗಂಟೆಯ ಕೆಲಸ ಒಳಗೆ ಬಿತ್ತು. ಮಧ್ಯದ ಸಣ್ಣ ಗೆರೆಗಳಿಂದ ಶುರು ಮಾಡಿ ಹೊರಗೆ ಬನ್ನಿ.

ಕೆತ್ತಿದ ಕುಂಬಳಕಾಯಿಯ ಫೋಟೋ ಎಲ್ಲಾದರೂ ನೋಡಿದ್ದೀರಾ, ಅದರಲ್ಲಿ ಮೂಗು, ಕೆನ್ನೆ ಉಬ್ಬಿಕೊಂಡು ನಿಜವಾದ ಮುಖದ ಹಾಗೇ ಇತ್ತಾ? ಹಾಗಿದ್ದರೆ ಅದು ಬೇರೆ ವಿದ್ಯೆ. ಮಿಷಿಗನ್‌ನಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದ ರೇ ವಿಲ್ಲಾಫೇನ್ ಅದರಲ್ಲಿ ದೊಡ್ಡ ಹೆಸರು. ಅದಕ್ಕೆ ಗೋಡೆ ತೆಳುವಾಗಬಾರದು, ದಪ್ಪ ತಿರುಳಿನಲ್ಲೇ ಮುಖ ಮೂಡಿಸಬೇಕು. ಒಂದೇ ಗಾತ್ರದ ಎರಡು ಕಾಯಿ ಎತ್ತಿ ನೋಡಿ ಭಾರ ಇರುವುದನ್ನೇ ತನ್ನಿ. ಉಪಕರಣ ಅಂದರೆ ಜೇಡಿಮಣ್ಣಿನ ಕೆಲಸದವರು ಬಳಸುತ್ತಾರಲ್ಲ, ಹಿಡಿಗೆ ತಂತಿಯ ಬಳೆ ಸಿಕ್ಕಿಸಿದ್ದು, ಅದು.

ಕೆತ್ತಿದ ಕಾಯಿ ಜಾಸ್ತಿ ದಿನ ಬಾಳುವುದಿಲ್ಲ. ಹ್ಯಾಲೋವೀನ್ ಇರುವ ಅಕ್ಟೋಬರ್ 31ರ ರಾತ್ರಿಗೆ ಬೇಕಿದ್ದರೆ 29ಕ್ಕೆ ಮುಂಚೆ ಕೈ ಹಾಕಬೇಡಿ. ಕೆರೆದ ಜಾಗಕ್ಕೆ ತೆಳುವಾಗಿ ವ್ಯಾಸಲಿನ್ ಸವರಿ, ಪ್ಲಾಸ್ಟಿಕ್ ಸುತ್ತಿ ಫ್ರಿಡ್ಜ್‌ನಲ್ಲಿಡಿ. ಬೀಜ ಬಿಸಾಡಬೇಡಿ, ತೊಳೆದು ಒಣಗಿಸಿ ಉಪ್ಪು ಖಾರ ಹಾಕಿ ಹುರಿದರೆ ಕೆತ್ತುವಾಗ ತಿನ್ನುತ್ತಾ ಕೂರಬಹುದು.